ಎಡಗಿವಿಯ ಹಿಂದಿನ ಬದು

ಗುರುವಾರ ಮಧ್ಯಾಹ್ನ ಮೂರೂವರೆಗೆ ಮಾರಪ್ಪ ದಾವಣಗೆರೆಯ ವೈದ್ಯಕೀಯ ಕಾಲೇಜೊಂದರ ನೀರಿನ ಟ್ಯಾಂಕಿನ ಮೇಲಿಂದ ಬಿದ್ದು ಸತ್ತ. ಸಂಜೆ ಕೊಟ್ಟ ಕಾಗದದಲ್ಲಿ ಹೃದಯಾಘಾತ ಎಂದು ಬರೆದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಖಾಜಾ ಹುಸೇನ್ ಕಾಲೇಜಿನ ಬಿಳಿ ವ್ಯಾನನ್ನು ಹರಿಹರದ ಪಕ್ಕದ ಗುತ್ತೂರಿನ ಕೊನೇ ಓಣಿಯೊಳಕ್ಕೆ ರಿವರ್ಸಿನಲ್ಲಿ ತರುತ್ತಿದ್ದ. ಎರಡೂ ಕಡೆ ಚರಂಡಿ. ಮನೆ ಮುಂದೆ ನೆರೆದಿದ್ದ ಹೆಂಗಸರು ಅಳುವುದನ್ನು ನಿಲ್ಲಿಸಿ, "ಎಡಕ್ಕೆ, ಎಡಕ್ಕೆ, ಇನ್ನೊಂಚೂರು ಬಾರಪ್ಪಾ" ಎಂದು ಕೈ ಬೀಸಿ ದಾರಿ ತೋರಿಸಿದರು. ವ್ಯಾನು ನಿಂತಿತು. ಅವರು ಮತ್ತೆ ಅಳತೊಡಗಿದರು.

"ತಲೆ ಕಡೆ ನಾನು ಹಿಡಿತೀನಿ. ನೀವು ಕಾಲು ಹಿಡೀರಿ," ಎಂದ ಖಾಜಾ ಹುಸೇನ್. ಹದಿನೆಂಟು ವರ್ಷದಿಂದ ಆ ವ್ಯಾನು ಓಡಿಸುತ್ತಿದ್ದವನು. ಹೆಣ ಇಳಿಸುವಾಗ ಸೀಟು ಬಿಟ್ಟು ಏಳುವ ರೂಢಿ ಅವನಿಗಿರಲಿಲ್ಲ. ಇವತ್ತು ತಾನೇ ಇಳಿದು ಬಂದಿದ್ದ.

ಮಾರಪ್ಪನ ಅಣ್ಣ ದುರುಗಪ್ಪ ಕಾಲು ಹಿಡಿದ. ಅಂಗಳದ ಚಾಪೆಯ ಮೇಲೆ ಇಳಿಸುವಾಗ ತಮ್ಮನ ಮುಖ ನೋಡಿ, "ಎರಡೆರಡು ಕಟ್ಟು ಯಾಕ ಕಟ್ಟ್ಯಾರೆ?" ಎಂದು ಕೇಳಿದ. ಗದ್ದದ ಕೆಳಗಿನಿಂದ ನೆತ್ತಿಗೆ ಕಟ್ಟಿದ್ದ ಬಟ್ಟೆ ಎಲ್ಲ ಹೆಣಕ್ಕೂ ಇರುವಂಥದ್ದು. ಅದರ ಮೇಲೆ ಇನ್ನೊಂದು ಅಗಲವಾದ ಪಟ್ಟಿ, ಎರಡೂ ಕಿವಿ ಮುಚ್ಚುವಂತೆ ತಲೆ ಸುತ್ತಿಕೊಂಡಿತ್ತು.

"ಬಾಯಿ ತೆರಕೊಳ್ತಿತ್ತು," ಎಂದು ಖಾಜಾ ಹುಸೇನ್ ವ್ಯಾನಿನ ಬಾಗಿಲು ಹಾಕಲು ಹೋದ.

ಭೀಮವ್ವ ಹೊಸ್ತಿಲ ಮೇಲೇ ಕೂತಿದ್ದಳು. ಗಂಡನ ಹತ್ತಿರ ಬರಲಿಲ್ಲ. ನಿನ್ನೆ ಸಂಜೆ ಫೋನು ಬಂದಾಗಿನಿಂದ ಆಕೆ ಅತ್ತೂ ಇರಲಿಲ್ಲ. ಪಕ್ಕದ ಮನೆಯ ಇಮಾಂಬೀ ಆಕೆಯ ಭುಜ ಹಿಡಿದುಕೊಂಡು ಎಲ್ಲರ ಪರವಾಗಿ ಅಳುತ್ತಿದ್ದಳು.

"ಚಮಚದ ಸಾಹೇಬಾ, ಮೊನ್ನೆ ಸೋಮವಾರ ನನ್ನ ಮಂಡಿ ಒತ್ತಿ ನೋಡಿ, ಚಿಪ್ಪು ಸವದೈತೆ, ನೆಲಕ್ಕೆ ಕೂಡ್ರಬ್ಯಾಡ ಇಮಾಂಬೀ ಅಂದ್ಯಲ್ಲೋ. ಈಗ ನೋಡು, ನಿನ್ನ ಸಲುವಾಗೇ ನೆಲಕ್ಕೆ ಕುಂತೀನಿ!"

ಅಳುವವರಲ್ಲಿ ಇಬ್ಬರು ನಕ್ಕು, ಸೆರಗಿನಲ್ಲಿ ನಗು ಒರೆಸಿಕೊಂಡರು. ಆ ಹೆಸರು ಓಣಿಯೇ ಇಟ್ಟದ್ದು. ಕಾಲೇಜಿಗೆ ಸೇರಿದ ಮೇಲೆ ಮಾರಪ್ಪ ಬರಿಗೈಲಿ ಉಣ್ಣುವುದನ್ನು ಬಿಟ್ಟಿದ್ದ. ಮುದ್ದೆಯನ್ನೂ ಚಮಚದಲ್ಲಿ ಕಡಿದು ಕಡಿದು ತಿನ್ನುತ್ತಿದ್ದ. ಮೂರು ಸಲ ಸೋಪು ಹಚ್ಚಿ ತೊಳೆದರೂ ಕೈಗೆ ಆ ಔಷಧದ ವಾಸನೆ ಇರುತ್ತದೆ ಎನ್ನುತ್ತಿದ್ದ.

ಹಿಂದೆಯೇ ಕಾಲೇಜಿನ ಮ್ಯಾನೇಜರ್ ಬಕ್ಕೇಶ್ ಬಂದರು. ಕಾರನ್ನು ಟಾರು ರಸ್ತೆಯಲ್ಲೇ ಬಿಟ್ಟು, ಮೂಗಿಗೆ ಕರ್ಚೀಫು, ಕೈಯಲ್ಲಿ ಹಾರ. ಹಾರವನ್ನು ಬಗ್ಗಿ ಹಾಕದೆ, ನಿಂತಲ್ಲಿಂದಲೇ ಎದೆಯ ಮೇಲೆ ಬಿಟ್ಟರು. ಯಾರೋ ಪ್ಲಾಸ್ಟಿಕ್ ಕುರ್ಚಿ ತಂದರು, ಯಾರೋ ನೀರು ತಂದರು. ಕುರ್ಚಿಯಲ್ಲಿ ಕೂತರು. ನೀರಿನ ಲೋಟವನ್ನು ಸ್ವಲ್ಪ ಹೊತ್ತು ಹಿಡಿದಿದ್ದು, ಕುಡಿಯದೆ ಕುರ್ಚಿಯ ಕಾಲ ಬಳಿ ಇಟ್ಟರು.

"ಮಾರಪ್ಪ ಅಂದ್ರೆ ನಮ್ಮ ಇನ್‌ಸ್ಟಿಟ್ಯೂಷನ್ನಿನ ಆಸ್ತಿ ಇದ್ದಂಗೆ. ಎದೆ ಹಿಡ್ಕೊಂಡು ಕೂತವನು ಏಳಲೇ ಇಲ್ಲ. ಏನು ಮಾಡೋಕಾಗುತ್ತೆ?" ಎಂದರು. ಆಮೇಲೆ ದುರುಗಪ್ಪನ ಕಡೆ ಬಾಗಿ, "ಬಿಸಿಲು ಜಾಸ್ತಿ ಐತೆ ನೋಡ್ರಿ. ಹನ್ನೆರಡರ ಒಳಗೆ ಮುಗಿಸಿಬಿಡ್ರಿ. ನಾನು ಮಣ್ಣಿನ ತನಕ ಇರ್ತೀನಿ."

ಅಷ್ಟು ದೊಡ್ಡ ಮನುಷ್ಯ ಮಣ್ಣಿನ ತನಕ ಇರುತ್ತಾನೆ ಎಂದದ್ದಕ್ಕೆ ದುರುಗಪ್ಪ ಕೈ ಮುಗಿದ.

*

ಸತ್ತವರ ಎಲುಬು ತೊಳೆಯುವ ಕೆಲಸಕ್ಕೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ, ಕೊಂಡಜ್ಜಿ ಕಡೆಯ ಹೊಲಗಳಲ್ಲಿ ಬದು ಹಾಕುವ ಕೂಲಿಗೆ ಹೋಗುತ್ತಿದ್ದ ಮಾರಪ್ಪನನ್ನು ಯಾರೋ ಕರೆದುಕೊಂಡು ಹೋಗಿ ಅಂಗರಚನೆಯ ವಿಭಾಗದ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದರು. ಹಾಜರಿ ಪುಸ್ತಕದಲ್ಲಿ ಅವನನ್ನು ತಾತ್ಕಾಲಿಕ ಎಂದು ಬರೆದರು. ಸಾಯುವ ದಿನವೂ ಹಾಗೇ ಇತ್ತು.

ಹುಡುಗರು ಕೊಯ್ದು ಕಲಿತು ಮುಗಿಸಿದ ಹೆಣಗಳು ಅವನ ಕೋಣೆಗೆ ಬರುತ್ತಿದ್ದವು. ತಿಂಗಳುಗಟ್ಟಲೆ ನೀರಿನ ತೊಟ್ಟಿಯಲ್ಲಿ ನೆನೆಸಿ, ಸೋಡಾ ಹಾಕಿ ಉಜ್ಜಿ, ಬಿಳಿ ಮಾಡಿ ಬಿಸಿಲಿಗೆ ಒಣಗಿಸಬೇಕು. ಒಣಗಿದ ಎಲುಬಿನ ಮೇಲೆ ಮಾಂಸಖಂಡ ಹುಟ್ಟುವಲ್ಲಿ ಕೆಂಪು ಬಣ್ಣ, ಸೇರುವಲ್ಲಿ ನೀಲಿ ಬಣ್ಣ ಹಚ್ಚಬೇಕು. ಪಕ್ಕದಲ್ಲಿ ಮಸಿಯಿಂದ ಹೆಸರು ಬರೆಯಬೇಕು. ಮಾರಪ್ಪನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ದಪ್ಪ ಪುಸ್ತಕದಲ್ಲಿದ್ದ ಅಕ್ಷರಗಳನ್ನು ಹೆಂಗಸರು ರಂಗೋಲಿ ನೋಡಿಕೊಂಡು ಬಿಡಿಸುವ ಹಾಗೆ ಬಿಡಿಸಿದ. ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ.

ಆದರೆ ಆ ಹೆಸರುಗಳು ಅವನ ಬಾಯಲ್ಲಿ ನಿಲ್ಲಲಿಲ್ಲ. ಎಲುಬನ್ನು ಕೈಯಲ್ಲಿ ಹಿಡಿದಾಗ ಅವನಿಗೆ ಕಾಣುತ್ತಿದ್ದದ್ದು ಹೊಲ. ಎಲುಬಿನ ಮೇಲೆ ಎದ್ದ ಏಣು ಅವನಿಗೆ ಬದು. ನರ ಹರಿಯುವ ಗೀರು ಕಾಲುವೆ. ರಕ್ತನಾಳ ತೂರಿ ಹೋಗುವ ತೂತು ಮೋರಿ. ತಗ್ಗು, ದಿಬ್ಬ, ಕಚ್ಚು, ಮುಳ್ಳು. ಕೀಲಿನ ತುದಿಯ ಉಬ್ಬು ಕಬ್ಬಿನ ಗಿಣ್ಣು. ಬೆನ್ನ ಮೇಲಿನ ಅಗಲ ಎಲುಬು ಸಲಿಕೆ, ಅದಕ್ಕೆ ಅಡ್ಡಲಾಗಿ ಒಂದು ಬದು. ಕಿವಿಯ ಹಿಂದೆ ಜೋತುಬಿದ್ದ ಗುಬುಟಿಗೆ ಕುರಿಮೊಲೆ ಎಂದ. ಬೇರೆ ಏನೂ ಅನ್ನಲು ಅವನಿಗೆ ತೋಚಲಿಲ್ಲ, ಅದು ಹಾಗೇ ಇತ್ತು.

ಪರೀಕ್ಷೆಯ ಹಿಂದಿನ ದಿನ ಹುಡುಗರು ಅವನ ಕೋಣೆಗೇ ಬರುತ್ತಿದ್ದರು. "ಮಾರಪ್ಪಣ್ಣ, ಇದು ಎಡದ್ದೋ ಬಲದ್ದೋ ಹೆಂಗೆ ಹೇಳೋದು?" ಅವನು ಎಲುಬನ್ನು ತಿರುಗಿಸಿ, "ಕಾಲುವೆ ಹಿಂದಕ್ಕೆ ಹಿಡ್ಕೋ. ತಲಿ ಒಳಗೆ ನೋಡಬೇಕು. ಈಗ ಯಾವ ಕೈ ಕಡೆ ಐತೆ? ಅದೇ," ಎನ್ನುತ್ತಿದ್ದ. ಅವರು ಪಾಸಾದರು, ಡಾಕ್ಟರಾದರು. ಮುಂದೆ ವರಾಂಡದಲ್ಲಿ ಸಿಕ್ಕಾಗ ಮೂಗು ಮುಚ್ಚಿಕೊಂಡು ದಾಟಿದರು.

ಶಾಲೆಗೆ ರಜೆ ಇದ್ದಾಗ ರೊಟ್ಟಿ ಗಂಟು ತರುತ್ತಿದ್ದ ಮಗಳು ಸುನೀತಾ ಮಾತ್ರ ಮೂಗು ಮುಚ್ಚಲಿಲ್ಲ. ಪರೀಕ್ಷೆಗೆಂದು ಒಂದು ಬಟ್ಟೆಯ ಚೀಲ ಇತ್ತು. ಅದರೊಳಗೆ ಎಲುಬು ಇಡುತ್ತಾರೆ, ಕಣ್ಣಿಗೆ ಕಾಣುವುದಿಲ್ಲ, ಕೈ ಹಾಕಿ ಬೆರಳಲ್ಲೇ ಹೇಳಬೇಕು. ಅಪ್ಪ ಮಗಳಿಗೆ ಅದೇ ಆಟ. ಹತ್ತು ವರ್ಷಕ್ಕೆ ಅವಳು ಚೀಲದೊಳಗಿನ ಯಾವ ಎಲುಬಿನದ್ದೂ ಎಡ ಬಲ ಹೇಳುತ್ತಿದ್ದಳು.

ಒಂದು ದಿನ ಪ್ರೊಫೆಸರು ಅದನ್ನು ನೋಡಿದರು. "ಇವಳನ್ನ ಎಕ್ಸಾಮಿಗೆ ಕೂರಿಸಬಹುದಲ್ಲೋ ಮಾರಪ್ಪಾ!" ಎಂದು ನಕ್ಕರು. ನಗು ಮುಗಿದ ಮೇಲೆ, "ಇನ್ನೊಂದ್ಸಲ ಒಳಗೆ ಕರಕೊಂಡು ಬರಬ್ಯಾಡ," ಎಂದರು.

ಸುನೀತಾ ಹತ್ತನೇ ಕ್ಲಾಸಿಗೆ ಬಿಟ್ಟಳು. ಈಗ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ಕೂರುತ್ತಾಳೆ.

*

ಅಂಗಳದ ಮೂಲೆಯ ಕಲ್ಲುಚಪ್ಪಡಿಯ ಮೇಲೆ ಮಾರಪ್ಪನನ್ನು ಮಲಗಿಸಿದರು. ಸುತ್ತ ಸೀರೆ ಹಿಡಿದರು. ಹಂಡೆಯ ನೀರು ಹಬೆಯಾಡುತ್ತಿತ್ತು.

"ತಲೆ ನಾನು ತೊಳಿತೀನಿ ದೊಡ್ಡಪ್ಪ," ಎಂದು ಸುನೀತಾ ಸೀರೆ ಸರಿಸಿ ಒಳಗೆ ಬಂದಳು.

"ಗಂಡಸರು ಇದ್ದೀವಲ್ಲೇ."

"ಗಂಡುಮಗ ಇದ್ದಿದ್ರೆ ಅವನು ತೊಳಿತಿದ್ದ. ಸರೀರಿ."

ಸೀರೆಯ ಆಚೆಯಿಂದ ಖಾಜಾ ಹುಸೇನನ ದನಿ ಬಂತು. "ಕಟ್ಟು ಬಿಚ್ಚಬ್ಯಾಡ ಬೇಟಿ. ಮ್ಯಾಲೇ ನೀರು ಹಾಕು. ಸಾಕು."

ಅವಳು ಬಿಚ್ಚಲಿಲ್ಲ. ತಲೆಯ ಹಿಂದೆ ಕೂತು, ಸೀಗೆಪುಡಿ ಹಚ್ಚಿದ ಎರಡೂ ಕೈಯನ್ನು ಕೆಳಗಿನಿಂದ ಪಟ್ಟಿಯೊಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ಉಜ್ಜಿದಳು. ಭಟ್ಟಿಯ ಮರಳು ಬೆರಳ ತುದಿಯ ಚರ್ಮ ತಿಂದಿತ್ತು. ಮುಟ್ಟಿದ್ದು ಅವಳಿಗೆ ಬೇರೆಯವರಿಗಿಂತ ಹೆಚ್ಚು ತಿಳಿಯುತ್ತಿತ್ತು.

ಬಲಗೈಗೆ ಕುರಿಮೊಲೆ ಸಿಕ್ಕಿತು. ಅದರ ಮೇಲೆ ತಲೆಬುರುಡೆ ಮಗುಚಿದ ಕುಡಿಕೆಯ ಹಾಗೆ ನುಣ್ಣಗೆ ಏರಿ ಹೋಗಿತ್ತು.

ಎಡಗೈಗೂ ಕುರಿಮೊಲೆ ಸಿಕ್ಕಿತು. ಅದರ ಮೇಲೆ ಎರಡು ಬೆರಳು ದಾಟಿದೊಡನೆ ಚರ್ಮ ಕೆಸರಿನ ಹಾಗೆ ಮೆತ್ತಗಾಯಿತು. ಆ ಕೆಸರಿನ ತಳದಲ್ಲಿ ಒಂದು ಬದು ಇತ್ತು. ಬದುವಿನ ಆಚೆ ಎಲುಬು ಒಳಕ್ಕೆ ಕುಸಿದಿತ್ತು.

ಅವಳು ಉಜ್ಜುವುದನ್ನು ನಿಲ್ಲಿಸಿದಳು. ಮತ್ತೆ ಬಲಕ್ಕೆ ಹೋದಳು. ಮತ್ತೆ ಎಡಕ್ಕೆ ಬಂದಳು.

"ಬೆನ್ನು ಮಗ್ಗಲು ಮಾಡ್ರಿ," ಎಂದಳು. ದುರುಗಪ್ಪ ತಮ್ಮನನ್ನು ಹೊರಳಿಸಿದ. ಅವಳು ಎಡಭುಜದ ಸಲಿಕೆಯ ಮೇಲೆ ಅಂಗೈ ಇಟ್ಟು ಒತ್ತಿದಳು. ಒಳಗೆ ಎಲುಬಿಗೆ ಎಲುಬು ಉಜ್ಜಿ ಕರಕ್ ಎಂದಿತು. ದುರುಗಪ್ಪನಿಗೂ ಕೇಳಿಸಿತು. ಅವನು ಮುಖ ಆಚೆ ತಿರುಗಿಸಿದ.

*

ಚೀಲದ ಆಟದಲ್ಲಿ ಅವಳು ಸೋತದ್ದು ಒಂದೇ ಸಲ. ಕಾಲಿನ ಎಲುಬು. ನಡುವೆ ಅವಳಿಗೆ ಗೊತ್ತಿಲ್ಲದ ಒಂದು ಬದು.

"ಇದರ ಹೆಸರು ನೀನು ಹೇಳಿಕೊಟ್ಟಿಲ್ಲ, ಹೋಗಪ್ಪಾ. ಮೋಸ," ಎಂದಿದ್ದಳು.

ಮಾರಪ್ಪ ಎಲುಬನ್ನು ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಿದ್ದ. "ಇದು ಹುಟ್ಟಿದ ಬದು ಅಲ್ಲ. ಈ ಮನುಷ್ಯ ಯಾವಾಗೋ ಬಿದ್ದಾನೆ. ಬಿದ್ದ ಮ್ಯಾಲೂ ಬದುಕ್ಯಾನೆ, ಅದಕ್ಕೇ ಗುಂಡಗಾಗೈತೆ ನೋಡು. ಸಾಯಾವಾಗ ಮುರಿದಿದ್ದು ಗುಂಡಗಾಗಲ್ಲ, ಹೆಂಚಿನ ಚೂರಿನಂಗೆ ಚೂಪಾಗೇ ಇರ್ತೈತೆ."

"ಯಾರಪ್ಪ ಇವನು?"

"ಯಾರಿಗೆ ಗೊತ್ತು? ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದು. ಊರಿಲ್ಲ, ಹೆಸರಿಲ್ಲ." ಅವನು ಆ ಉಬ್ಬನ್ನು ಹೆಬ್ಬೆರಳಿನಿಂದ ಸವರಿದ್ದ. "ಇವನು ಬಿದ್ದಿದ್ದು ಇಡೀ ಲೋಕದಾಗೆ ನಿನಗೂ ನನಗೂ ಇಬ್ಬರಿಗೇ ಗೊತ್ತು. ಅನುಮಾನ ಬಂದಾಗ ಏನು ಮಾಡಬೇಕು ಹೇಳು?"

"ಆ ಕಡೇದು ಮುಟ್ಟಿ ನೋಡಬೇಕು."

"ಹಾಂ. ಎಡದ್ದು ಸುಳ್ಳು ಹೇಳ್ತೈತೇನೋ ಅನ್ನಿಸಿದ್ರೆ ಬಲದ್ದನ್ನ ಕೇಳು."

*

"ನಮ್ಮಪ್ಪ ಎದೆನೋವಿಗೆ ಸತ್ತಿಲ್ಲ," ಎಂದು ಸುನೀತಾ ಒದ್ದೆ ಕೈಯಲ್ಲೇ ಅಂಗಳಕ್ಕೆ ಬಂದಳು. "ತಲೆಬುರುಡೆ ಒಡದೈತೆ. ಬೆನ್ನಿನ ಸಲಿಕೆ ಎರಡಾಗೈತೆ. ಮ್ಯಾಲಿಂದ ಬಿದ್ದಾನೆ."

ಅಳು ನಿಂತಿತು. ಬಾರಿಸುವ ಹಲಗೆ ಕಾಯಿಸಲು ಬೆಂಕಿ ಮಾಡುತ್ತಿದ್ದವರು ತಿರುಗಿ ನೋಡಿದರು.

ಬಕ್ಕೇಶ್ ಕುರ್ಚಿಯಿಂದ ಏಳಲಿಲ್ಲ. ದನಿಯನ್ನು ಇನ್ನಷ್ಟು ಮೆತ್ತಗೆ ಮಾಡಿದರು. "ನೋಡಮ್ಮ, ದುಃಖದಾಗೆ ಏನೇನೋ ಅನ್ಸುತ್ತೆ. ಎದೆನೋವು ಬಂದವನು ಕುರ್ಚಿಯಿಂದ ಕೆಳಗೆ ಬಿದ್ದ. ಆಗ ತಲೆಗೆ ಸ್ವಲ್ಪ ತಾಗಿರುತ್ತೆ."

"ಕುರ್ಚಿ ಎಲ್ಲಿತ್ರಿ ನಮ್ಮಪ್ಪಗೆ? ಮೂವತ್ತೊಂದು ವರ್ಷ ಸ್ಟೂಲಿನ ಮ್ಯಾಲೆ ಕುಂತವನು."

ಯಾರೋ ಹಿಂದಿನಿಂದ 'ಹೌದು ಮತ್ತೆ' ಎಂದರು.

"ಸ್ಟೂಲೇ ಇರಲಿ. ಎಲ್ಲರ ತಲೇಲೂ ಉಬ್ಬು ತಗ್ಗು ಇರ್ತಾವೆ ತಾಯಿ. ದೊಡ್ಡ ದೊಡ್ಡ ಡಾಕ್ಟರು ನೋಡಿ ಬರೆದಿದ್ದಾರೆ. ಮಂಡಕ್ಕಿ ಹುರಿಯೋಳು ನೀನು, ನಿನಗೆ ಹೆಂಗೆ ಗೊತ್ತಾಗುತ್ತೆ?"

"ಬಲಗಡೆ ಇಲ್ಲದ ಉಬ್ಬು ಎಡಗಡೆ ಹೆಂಗೆ ಬಂತ್ರಿ? ಬದು ಇರಬಾರದ ಜಾಗದಾಗೆ ಬದು ಐತೆ. ಅಂಚು ಚೂಪಾಗೈತೆ. ನಿಮ್ಮ ದೊಡ್ಡ ಡಾಕ್ಟರಿಗೆ ಎಡ ಬಲ ಹೇಳಿಕೊಟ್ಟಿದ್ದು ಯಾರು, ಕೇಳಿಕೊಂಡು ಬರ್ರಿ." ಅವಳು ಖಾಜಾ ಹುಸೇನನ ಕಡೆ ತಿರುಗಿದಳು. "ಚಾಚಾ, ಎರಡನೇ ಕಟ್ಟು ಕಟ್ಟಿದ್ದು ನೀನೇ ಅಲ್ಲೇನು?"

ಖಾಜಾ ಹುಸೇನ್ ವ್ಯಾನಿಗೆ ಒರಗಿ ಬೀಗದ ಕೈಯನ್ನು ಅಂಗೈಯಲ್ಲಿ ತಿರುಗಿಸುತ್ತಿದ್ದ. ಬಕ್ಕೇಶ್ ಅವನನ್ನೇ ನೋಡುತ್ತಿದ್ದರು.

"ನನ್ನ ಕೇಳಬ್ಯಾಡ ಬೇಟಿ," ಎಂದ ಅವನು. "ನನಗೂ ಮನೆ ಐತೆ."

ಅಷ್ಟೇ ಅಂದದ್ದು. ಆದರೆ ಅಂಗಳದಲ್ಲಿದ್ದ ಅಷ್ಟೂ ಜನರಿಗೆ ಅರ್ಥವಾಯಿತು.

ದುರುಗಪ್ಪ ಅವಳ ರಟ್ಟೆ ಹಿಡಿದು ಗೋಡೆ ಬದಿಗೆ ಕರೆದುಕೊಂಡು ಹೋದ. ಅವನೂ ಮೂವತ್ತು ವರ್ಷ ಹರಿಹರದ ಮಿಲ್ಲಿನಲ್ಲಿ ದುಡಿದವನು. ಮ್ಯಾನೇಜರುಗಳ ಮೆತ್ತನೆಯ ದನಿ ಏನೆಂದು ತಿಳಿಯದವನಲ್ಲ. "ನನಗೂ ಕೇಳಿಸ್ತೇ, ಕರಕ್ ಅಂದಿದ್ದು. ಏನು ಮಾಡಾಣ? ಸ್ಟೇಷನ್ನಿಗೆ ಹೋಗಬೇಕು. ಅವರು ಸರ್ಕಾರಿ ಆಸ್ಪತ್ರೆಗೆ ಕಳಿಸ್ತಾರೆ. ಅಲ್ಲಿ ಕೊಯ್ತಾರೆ. ನೆತ್ತಿಯಿಂದ ಕೊಯ್ತಾರೆ ಕಣವ್ವಾ. ನಿಮ್ಮಪ್ಪ ಏನು ಹೇಳಿದ್ದ, ಮರತ್ಯಾ?"

ಅವಳು ಮರೆತಿರಲಿಲ್ಲ. ಅದು ಮನೆಯವರೆಲ್ಲರಿಗೂ ಗೊತ್ತಿದ್ದದ್ದು. ವರ್ಷಕ್ಕೊಮ್ಮೆಯಾದರೂ ಮಾರಪ್ಪ ಹೇಳುತ್ತಿದ್ದ: ನಾನು ಸತ್ತರೆ ಯಾರ ಕೈಗೂ ಕೊಡಬ್ಯಾಡ್ರಿ. ಕೊಯ್ಯಾಕೆ ಬಿಡಬ್ಯಾಡ್ರಿ. ಇಡೀ ಮನುಷ್ಯ ಮಣ್ಣಿಗೆ ಹೋಗಬೇಕು ನಾನು.

ಬಕ್ಕೇಶ್ ಅಲ್ಲಿಗೂ ಎದ್ದು ಬಂದಿದ್ದರು. "ನಮಗೂ ಹೇಳಿದ್ದ, ಪಾಪ. ಅವನ ಆಸೆ ನಡೆಸಿಕೊಡಿ. ಇನ್ನು ಈ ಹುಡುಗಿ ವಿಷಯ. ಅವನ ಜಾಗ ಖಾಲಿ ಐತೆ. ಸೋಮವಾರದಿಂದ ಬರಲಿ. ಕೆಲಸ ಗೊತ್ತೈತೆ ಅಂತ ಅವಳೇ ಹೇಳ್ತಾ ಇದ್ದಾಳಲ್ಲ."

"ಪರ್ಮನೆಂಟಾ ಸಾರ್?" ಎಂದ ದುರುಗಪ್ಪ.

"ಸದ್ಯಕ್ಕೆ ತಾತ್ಕಾಲಿಕ."

"ಏಣಿ ಸರಿ ಮಾಡಿಸಿದ್ರಾ?" ಎಂದು ಹೊಸ್ತಿಲಿನಿಂದ ಭೀಮವ್ವ ಕೇಳಿದಳು. ಆಕೆ ಆವತ್ತು ಆಡಿದ ಮೊದಲ ಮಾತು.

ಬಕ್ಕೇಶ್ ಕರ್ಚೀಫನ್ನು ಮತ್ತೆ ಮೂಗಿಗೆ ಹಿಡಿದರು. "ಯಾವ ಏಣಿ?"

ಸುನೀತಾ ಹೋಗಿ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅವ್ವಾ, ಹೂಂ ಅನ್ನು. ವ್ಯಾನಿನಾಗೇ ಹರಿಹರಕ್ಕೆ ಒಯ್ಯಾಣ."

"ಕೊಯ್ಯಾದು ಬ್ಯಾಡ," ಎಂದಳು ಭೀಮವ್ವ. "ಅವನು ಬ್ಯಾಡ ಅಂದಾನೆ. ಬ್ಯಾಡ."

"ಸುಳ್ಳಿನ ಜತೀಗೆ ಹೂತು ಬರ್ತೀಯಾ ಹಂಗಾರೆ?"

"ಬ್ಯಾಡ ಅಂದೆ."

ಸುನೀತಾ ತಾಯಿಯ ಎರಡೂ ಕೈ ಹಿಡಿದುಕೊಂಡಳು. "ಆತು. ನೀನು ಒಂದ್ಸಲ ಮುಟ್ಟಿ ನೋಡು. ಬಲಕ್ಕೊಂದ್ಸಲ, ಎಡಕ್ಕೊಂದ್ಸಲ. ಆಮ್ಯಾಲೆ ನೀನು ಹೇಳಿದಂಗೆ. ನಾನು ಬಾಯಿ ಬಿಡಲ್ಲ."

ಭೀಮವ್ವ ಕೈ ಬಿಡಿಸಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

*

ಭಾನುವಾರದ ತಲೆಸ್ನಾನಕ್ಕೆ ಮಾರಪ್ಪನ ತಲೆಗೆ ಎಣ್ಣೆ ಹಚ್ಚುವವಳು ಭೀಮವ್ವ. ತನ್ನ ಕೈಯನ್ನು ಅವನು ತನ್ನ ಬಾಯಿಗೂ ತಲೆಗೂ ತಾಗಿಸುತ್ತಿರಲಿಲ್ಲ. ಅವಳು ಹಿಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು, ಅವನು ಅವಳ ಮಂಡಿಯ ನಡುವೆ ಕಣ್ಣು ಮುಚ್ಚಿ ಕೂರುತ್ತಿದ್ದ. ಮೂವತ್ತು ವರ್ಷ, ವಾರಕ್ಕೊಮ್ಮೆ.

"ಈಗ ಬುರುಡೆ ಹೊಲಿಗೆ ಮ್ಯಾಲೆ ಅದೀಯ," ಎನ್ನುತ್ತಿದ್ದ. "ಈಗ ಹಿಂದಿನ ದಿಬ್ಬಕ್ಕೆ ಬಂದಿ. ಈಗ ಕುರಿಮೊಲಿ."

"ಥೂ, ನಿನ್ನ ಬಾಯಿಗಿಷ್ಟು. ಸುಮ್ಮನೆ ಕುಂದ್ರು. ಕಣ್ಣಿಗೆ ಎಣ್ಣೆ ಹೋಗ್ತೈತೆ."

"ಮತ್ತೊಬ್ಬರ ಎಲುಬಿಗೆಲ್ಲ ನಾನು ಹೆಸರು ಬರದೆ. ನನ್ನವು ನಿನ್ನ ಕೈಗೆ ಗೊತ್ತಿದ್ರೆ ಸಾಕು."

ಹೋದ ಭಾನುವಾರವೂ ಹಚ್ಚಿದ್ದಳು. ಆವತ್ತು ಅವನು ಮಾತು ಕಡಿಮೆ ಆಡಿದ. ಶನಿವಾರ ಯಾರೋ ತಪಾಸಣೆಗೆ ಬರುತ್ತಾರಂತೆ, ಎಲುಬಿನ ಸೆಟ್ಟುಗಳು ಕಡಿಮೆ ಬಿದ್ದಿವೆಯಂತೆ. ತೊಟ್ಟಿಯಲ್ಲಿದ್ದವನ್ನೆಲ್ಲ ತೆಗೆದು ಒಣಗಿಸು ಎಂದಿದ್ದಾರೆ. ನೆಲಕ್ಕೆ ಹಾಕಿದರೆ ನಾಯಿ ಎಳೆದುಕೊಂಡು ಹೋಗುತ್ತವೆ, ಮಾಳಿಗೆಗೆ ಹಾಕಿದರೆ ಮೇಲಿನ ಹಾಸ್ಟೆಲಿನ ಹುಡುಗಿಯರು ಹೆದರುತ್ತಾರೆ. ಅದಕ್ಕೇ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ.

"ಏಣೀಗೆ ಎರಡು ಮೆಟ್ಟಿಲಿಲ್ಲ. ಬಕ್ಕೇಶ್ ಸಾರಿಗೆ ಮೂರು ಸಲ ಹೇಳಿದೆ. ತಪಾಸಣೆ ಮುಗೀಲಿ ಅಂದ್ರು."

"ಹತ್ತಬ್ಯಾಡ ನೀನು. ಅರವತ್ತಾತು."

"ಹತ್ತದಿದ್ರೆ ನಾಳೆ ಬರಬ್ಯಾಡ ಅಂತಾರೆ. ತಾತ್ಕಾಲಿಕ ಅಲ್ಲೇನೇ ನಾನು?" ಎಂದು ನಕ್ಕಿದ್ದ. ಆ ನಗುವಿಗೆ ಅವನ ತಲೆ ಅವಳ ಅಂಗೈಯೊಳಗೆ ಅಲುಗಿತ್ತು.

ಗುರುವಾರ ಮಧ್ಯಾಹ್ನ ದಾವಣಗೆರೆಯ ಮೇಲೆ ಮುಂಗಾರಿಗೆ ಮೊದಲಿನ ಮೋಡ ಕವಿದಿತ್ತು. ಒಣಗಿದ ಎಲುಬು ನೆನೆದರೆ ಕಪ್ಪಾಗುತ್ತವೆ.

*

ಹಲಗೆಯವರು ಮುಂದೆ ನಡೆದರು. ಸ್ಮಶಾನ ಇದ್ದದ್ದು ಫ್ಯಾಕ್ಟರಿಯ ಕಾಂಪೌಂಡು ಮತ್ತು ಹೊಳೆಯ ನಡುವಿನ ಎರೆಭೂಮಿಯಲ್ಲಿ. ಅವರಲ್ಲಿ ಹೆಂಗಸರೂ ಗುಂಡಿಯ ತನಕ ಬರುತ್ತಾರೆ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮೊದಲ ಹಿಡಿ ಮಣ್ಣು ಹೆಂಡತಿಯದು. ಅದು ಬೀಳುವ ತನಕ ಬೇರೆ ಯಾರೂ ಒಂದು ಹೆಂಟೆಯನ್ನೂ ಹಾಕುವಂತಿಲ್ಲ.

ವ್ಯಾನು ಹಿಂದೆ ಬಂತು. ಬಕ್ಕೇಶ್ ಅದರ ನೆರಳಿನಲ್ಲಿ ನಿಂತು ಗಡಿಯಾರ ನೋಡಿಕೊಂಡರು. ಹನ್ನೊಂದೂ ಮುಕ್ಕಾಲು.

"ಮುಖ ನೋಡಾರು ನೋಡ್ರಿ," ಎಂದು ದುರುಗಪ್ಪ ಕೂಗಿದ.

ಗುಂಡಿಯ ಅಂಚಿನಲ್ಲಿ ಮಲಗಿಸಿದ್ದ ಗಂಡನ ತಲೆಯ ಹಿಂದೆ ಭೀಮವ್ವ ಹೋಗಿ ಕೂತಳು. ಮಣೆ ಹಾಕಿಕೊಂಡು ಕೂರುವ ಹಾಗೇ, ಮಂಡಿ ಅಗಲಿಸಿ. ಸ್ವಲ್ಪ ಹೊತ್ತು ಕೈ ಸೆರಗಿನಲ್ಲೇ ಇತ್ತು. ಆಮೇಲೆ ಎರಡೂ ಕೈಯನ್ನು ಪಟ್ಟಿಯೊಳಗೆ ತೂರಿಸಿದಳು.

ಹೊಲಿಗೆಯಿಂದ ಶುರು ಮಾಡಿದಳು. ಹಿಂದಿನ ದಿಬ್ಬಕ್ಕೆ ಬಂದಳು. ಬಲಗೈ ಕಿವಿಯ ಹಿಂದೆ ಇಳಿದು ಎಂದಿನ ಹಾಗೆ ಒಂದು ಸುತ್ತು ಸುತ್ತಿತು. ಎಡಗೈಯೂ ಇಳಿಯಿತು. ಅದು ಸುತ್ತಲಿಲ್ಲ. ಅಲ್ಲೇ ನಿಂತಿತು.

ಸುನೀತಾ ಆಚೆ ಬದಿಯಲ್ಲಿ ನಿಂತಿದ್ದಳು. ಬಾಯಿ ಬಿಡಲಿಲ್ಲ.

ಹಲಗೆಯವರು ಬಾರಿಸುವುದನ್ನು ನಿಲ್ಲಿಸಿ ಕಾದರು. ಕೊನೆಗೆ ಭೀಮವ್ವ ಕೈ ಹೊರಗೆ ತೆಗೆದು ನೋಡಿಕೊಂಡಳು. ಎಡಗೈಯ ಎರಡು ಬೆರಳು ಕಂದು ಕೆಂಪಾಗಿದ್ದವು. ಒರೆಸಿಕೊಳ್ಳಲಿಲ್ಲ.

"ಏಳವ್ವ, ಹೊತ್ತಾತು," ಎಂದು ಯಾರೋ ಎಬ್ಬಿಸಿದರು. ನಾಲ್ಕು ಜನ ಮಾರಪ್ಪನನ್ನು ಎತ್ತಿ ಗುಂಡಿಯೊಳಗೆ ಇಳಿಸಿದರು. ಸಲಿಕೆಗಳು ಎದ್ದವು. ದುರುಗಪ್ಪ ಒಂದು ಹಿಡಿ ಎರೆಮಣ್ಣು ತೆಗೆದು ಆಕೆಯ ಬಲ ಅಂಗೈಯಲ್ಲಿ ಇಟ್ಟ.

"ಹಾಕವ್ವ."

ಭೀಮವ್ವ ಖಾಜಾ ಹುಸೇನನ ಕಡೆ ನೋಡಿದಳು. "ಖಾಜಾಣ್ಣ, ಮಾತಾಡಿದ್ನೇನು? ಬಿದ್ದ ಮ್ಯಾಲೆ?"

ಖಾಜಾ ಹುಸೇನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಬಕ್ಕೇಶ್ ಏನೋ ಹೇಳಲು ಹೋದರು. ಅವನು ಅವರ ಕಡೆ ನೋಡಲಿಲ್ಲ. "ಎಲುಬು ನೆನಿತಾವೆ ಅಂದ, ಭಾಭಿ," ಎಂದ. "ಅಷ್ಟೇ ಅಂದ."

"ಏಯ್, ಗಾಡಿ ತೆಗಿ ನೀನು," ಎಂದರು ಬಕ್ಕೇಶ್. ದನಿಯಲ್ಲಿ ಮೆತ್ತಗಿನದು ಏನೂ ಉಳಿದಿರಲಿಲ್ಲ. "ದುರುಗಪ್ಪ, ಏನಿದು ನಾಟಕ? ಇಡಿಯಾಗಿ ಹೋಗಬೇಕು ಅಂದಿದ್ನಲ್ಲ ಅವನು. ಹಾಕಿಸ್ರಿ ಮಣ್ಣು."

"ಇಡಿಯಾಗಿ ಎಲ್ಲಿ ಅದಾನ್ರಿ?" ಎಂದಳು ಭೀಮವ್ವ. ಜೋರಾಗಿ ಅನ್ನಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಎಲ್ಲಿದೆ ಎಂದು ಕೇಳಿದ ಹಾಗೆ ಅಂದಳು.

ದುರುಗಪ್ಪ ಆಕೆಯ ಮೊಣಕೈ ಮುಟ್ಟಿದ. "ಹಾಕಿಬಿಡವ್ವ. ಮುಗೀಲಿ."

ಭೀಮವ್ವ ಅಂಗೈಯಲ್ಲಿದ್ದ ಮಣ್ಣನ್ನು ಸೆರಗಿನ ಚುಂಗಿಗೆ ಸುರಿದುಕೊಂಡಳು. ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದಳು. ಆ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು.

"ಹಾಕಲ್ಲ," ಎಂದಳು.